ಮೇಣದ ಮನೆ

ಬುಧವಾರ ಬಂತೆಂದರೆ ನಮ್ಮ ಕಾಕುಗೆ, ಅಂದರೆ ಚಿಕ್ಕಮ್ಮನಿಗೆ, ದಾದರ್ ಮಾರ್ಕೆಟ್ಟಿನಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಕೈಚೀಲ ಹಿಡಿದು ಲೋವರ್ ಪರೇಲ್‌ನಲ್ಲಿ ಸ್ಲೋ ಗಾಡಿ ಹತ್ತುತ್ತಿದ್ದರು. ದಾದರ್ ಬರುತ್ತಿತ್ತು, ಹೋಗುತ್ತಿತ್ತು. ಕಾಕು ಇಳಿಯುತ್ತಿರಲಿಲ್ಲ. ಅವರು ಇಳಿಯುತ್ತಿದ್ದುದು ಇನ್ನೆರಡು ಸ್ಟೇಶನ್ ಆಚೆ, ಮಾಹಿಮ್‌ನಲ್ಲಿ.

ಮುಂಬಯಿಯವರಿಗೆ ಇಷ್ಟು ಹೇಳಿದರೆ ಸಾಕು. ಬುಧವಾರ ಮಾಹಿಮ್ ಅಂದರೆ ಸೇಂಟ್ ಮೈಕಲ್ ಚರ್ಚು, ನಿತ್ಯ ಸಹಾಯ ಮಾತೆಯ ನೊವೇನಾ. 1948ರಲ್ಲಿ ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಒಂಬತ್ತು ಬುಧವಾರ ಬಿಡದೆ ಹೋಗಿ ಬೇಡಿಕೊಂಡರೆ ನಡೆಯುತ್ತದೆ ಎಂಬುದು ಜನರ ಮಾತು. ಕ್ರೈಸ್ತರಷ್ಟೇ ಅಲ್ಲ, ಎಲ್ಲ ಜಾತಿ ಧರ್ಮದವರೂ ಸಾಲಲ್ಲಿ ನಿಂತಿರುತ್ತಾರೆ. ಹೊರಗೆ ಮೇಣದ ಅಂಗಡಿಗಳು. ಮೇಣದ ಕೈ, ಮೇಣದ ಕಾಲು, ಮೇಣದ ಕೂಸು, ಮೇಣದ ಮನೆ. ಯಾರಿಗೆ ಏನು ಬೇಕೋ ಅದನ್ನು ಕೊಂಡು ಒಳಗೆ ಕೊಡುವುದು.

ತೊಂದರೆ ಏನೆಂದರೆ ನಾವು ಬಾಸೆಲ್ ಮಿಶನ್ನಿನ ಮಂದಿ, ಪ್ರಾಟೆಸ್ಟೆಂಟರು. ಗದಗ-ಬೆಟಗೇರಿಯವರು. ಮೂರ್ತಿ, ಮೇಣಬತ್ತಿ, ಹರಕೆ ಇವೆಲ್ಲ ನಮ್ಮ ಮನೆಯಲ್ಲಿ ಬೈಗುಳಕ್ಕೆ ಹತ್ತಿರದ ಮಾತುಗಳು. ಅದಕ್ಕೇ ದಾದರ್ ಮಾರ್ಕೆಟ್ಟಿನ ನೆಪ. ಕಾಕಾನಿಗೆ ಎಲ್ಲ ಗೊತ್ತಿತ್ತು ಅನ್ನಿ. ಒಂದು ಸಲ ಚೀಲದೊಳಗಿನ ಮೆಂತ್ಯೆ ಸೊಪ್ಪು ಮೂಸಿ ನೋಡಿ, "ದಾದರ್‌ದಾಗ ಈಗ ಮೆಂತ್ಯಾಕ್ಕ ಮೇಣಬತ್ತಿ ವಾಸನಿ ಬರ್ತದೇನ?" ಎಂದು ಕೇಳಿದ್ದರು. ಕಾಕು ಉತ್ತರ ಕೊಡಲಿಲ್ಲ. ಸೊಪ್ಪು ಸೋಸುತ್ತ ಕೂತರು.

ಕಾಕು ಬೇಡುತ್ತಿದ್ದುದು ಮನೆ. ಬೇರೆ ಏನೂ ಅಲ್ಲ.

ಕಾಕಾ ಬೆಟಗೇರಿಯಿಂದ ಮುಂಬಯಿಗೆ ಬಂದದ್ದು ನೇಯ್ಗೆ ಗೊತ್ತಿದ್ದ ಕಾರಣಕ್ಕೆ. ಊರಲ್ಲಿ ಕೈಮಗ್ಗ, ಇಲ್ಲಿ ಮಿಲ್ಲು. ಪರೇಲ್‌ನ ಒಂದು ಚಾಳದಲ್ಲಿ ಹತ್ತು ಬೈ ಹನ್ನೆರಡರ ಖೋಲಿ, ಮೂಲೆಯಲ್ಲೇ ಮೋರಿ, ಹೊರಗೆ ಸಾಲಾಗಿ ಸಂಡಾಸು. ಮಿಲ್ಲಿನ ಭೋಂಗಾ (ಸೈರನ್) ಕೂಗಿದರೆ ಎದ್ದು ಹೋಗುವುದು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮಿಲ್ಲು ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಆ ಮುಷ್ಕರವನ್ನು ಯಾರೂ ಅಧಿಕೃತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ ಅನ್ನುತ್ತಾರೆ. ಸುಮ್ಮನೆ ಕರಗಿ ಹೋಯಿತು. ಲೆಕ್ಕ ಹಿಡಿದರೆ ನಮ್ಮ ಕಾಕಾ ಸಾಯುವ ದಿನದವರೆಗೂ ಮುಷ್ಕರದಲ್ಲೇ ಇದ್ದರು.

ಮೊದಲ ಕೆಲವು ತಿಂಗಳು ಕಾಕು ದಿನಾ ರಾತ್ರಿ ಕಾಕಾನ ಊಟದ ಡಬ್ಬಿ ತಿಕ್ಕಿ, ಒರೆಸಿ, ಕಿಟಕಿಯಲ್ಲಿ ಬೋರಲು ಹಾಕುತ್ತಿದ್ದರಂತೆ. ಬೆಳಿಗ್ಗೆ ಭೋಂಗಾ ಕೂಗಿಬಿಟ್ಟರೆ ಡಬ್ಬಿ ತಯಾರಿರಬೇಕಲ್ಲ! "ಕಡೀಕ ಎಷ್ಟು ದಿನದ ಮ್ಯಾಲ ಬಿಟ್ರಿ ಕಾಕು?" ಎಂದು ಕೇಳಿದ್ದೆ. "ಬಿಟ್ಟಿಲ್ಲೋ ತಮ್ಮಾ. ಒಂದಿನ ಅದರಾಗ ಜೀರಿಗಿ ಹಾಕಿಟ್ಟೆ, ಅಷ್ಟ" ಎಂದರು.

ಮಿಲ್ಲುಗಳ ಜಾಗದಲ್ಲಿ ಏನೇನು ಎದ್ದಿತು ಎಂದು ಬರೆಯಬೇಕಿಲ್ಲ. ಫೀನಿಕ್ಸ್ ಮಿಲ್ಲು ಇದ್ದಲ್ಲಿ ಮಾಲ್ ಇದೆ, ನೀವೂ ಹೋಗಿರುತ್ತೀರಿ. ಮಿಲ್ಲುಗಳ ಜಾಗದ ಒಂದು ಪಾಲಿನಲ್ಲಿ ಹಳೆಯ ಕಾರ್ಮಿಕರಿಗೂ ಮನೆ ಕಟ್ಟಿಕೊಡಬೇಕು ಎಂದಾಯಿತು. ಒಂದು ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದವು. ಮನೆ ಎಲ್ಲರಿಗೂ ಸಾಲುವುದಿಲ್ಲ, ಹಾಗಾಗಿ ಲಾಟರಿ. 2012ರಲ್ಲಿ ಮೊದಲ ಲಾಟರಿ ತೆಗೆದರು. ಕಾಕಾನ ಹೆಸರು ಬರಲಿಲ್ಲ. ಮುಂದಿನದರಲ್ಲೂ ಬರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಚೀಟಿ ಎತ್ತಿದರೆ ಹಾಗೇ.

ಅರ್ಜಿ ಹಾಕಿದ್ದು ಕಾಕು. ಹಾಜರಿ ಕಾರ್ಡು, ಟಿಕೆಟ್ ನಂಬರು, ಪಿಎಫ್ ಕಾಗದ ಎಲ್ಲ ಟ್ರಂಕಿನ ತಳದಿಂದ ಹುಡುಕಿ ತೆಗೆದವರೂ ಕಾಕುವೇ. ಕಾಕಾ ಸಹಿ ಮಾತ್ರ ಹಾಕಿದರು. "ಸಿಗೂದಿಲ್ಲ. ಆದ್ರ ಹಾಕು, ನಿನ್ನ ಸಮಾಧಾನಕ್ಕ."

ಬಹಳ ವರ್ಷ ನಾನು ಇವರಿಬ್ಬರನ್ನೂ ಹೀಗೆ ಅರ್ಥ ಮಾಡಿಕೊಂಡಿದ್ದೆ. ಕಾಕಾನ ಹತ್ತಿರ ನಂಬಿಕೆ ಇದೆ, ನಿರೀಕ್ಷೆ ಇಲ್ಲ. ಕಾಕುವಿನ ಹತ್ತಿರ ನಿರೀಕ್ಷೆ ಇದೆ, ನಂಬಿಕೆ ಅಷ್ಟಕ್ಕಷ್ಟೇ. ಕಾಕಾ ದಿನಾ ಬೆಳಿಗ್ಗೆ ಸತ್ಯವೇದ, ಅಂದರೆ ಬೈಬಲ್, ಓದುತ್ತಿದ್ದರು, ಭಾನುವಾರ ನಮ್ಮ ಸಣ್ಣ ಕನ್ನಡ ಸಭೆಯಲ್ಲಿ ಮೊದಲ ಬೆಂಚಿನಲ್ಲಿ ಇರುತ್ತಿದ್ದರು. ಆದರೆ ತನಗೆ ಇಂಥದ್ದು ಕೊಡು ಎಂದು ಪ್ರಾರ್ಥನೆ ಮಾಡಿದ್ದನ್ನು ನಾನು ಕೇಳಿಲ್ಲ. ಕಾಕು ಪ್ರಸಂಗದ (ಚರ್ಚಿನ ಉಪದೇಶದ) ಹೊತ್ತಿಗೆ ತೂಕಡಿಸುತ್ತಿದ್ದರು. ಆದರೆ ಯಾರು ಎಲ್ಲಿ ಕೈ ಮುಗಿದರೆ ಮನೆ ಸಿಗುತ್ತದೆ ಅಂದರೂ ಅಲ್ಲಿ ಹೋಗುತ್ತಿದ್ದರು. ಮನೆ ಮನೆಗಳಲ್ಲಿ ಕೆಲಸ ಹಂಚಿಕೊಂಡ ಹಾಗೆ ಇವರು ಇದನ್ನೂ ಹಂಚಿಕೊಂಡಿದ್ದಾರೆ ಅಂದುಕೊಂಡಿದ್ದೆ.

ಹಾಗೆ ಹಂಚಿಕೊಳ್ಳಲು ಬರುತ್ತದಾ ಎನ್ನುವುದೇ ಪ್ರಶ್ನೆ.

ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದ ಮೊದಲ ವಾಕ್ಯ ನಮ್ಮಲ್ಲಿ ಸಂಡೇ ಸ್ಕೂಲಿನ ಮಕ್ಕಳಿಗೂ ಬಾಯಿಪಾಠ. ನಾವು ನಿರೀಕ್ಷಿಸುವವುಗಳ ವಿಷಯದಲ್ಲಿ ಭರವಸೆಯಿಂದ ಇರುವುದೇ ನಂಬಿಕೆ ಎನ್ನುತ್ತದೆ. ಒಂದೇ ವಾಕ್ಯದಲ್ಲಿ ಎರಡೂ ಬಂದುಬಿಟ್ಟಿವೆ. ಈ 'ಭರವಸೆ' ಇರುವ ಕಡೆ ಮೂಲ ಗ್ರೀಕಿನಲ್ಲಿ ಇರುವ ಮಾತು ಹುಪೊಸ್ತಾಸಿಸ್. ಅಡಿಯಲ್ಲಿ ನಿಂತದ್ದು, ಬುಡ ಎಂಬಂಥ ಅರ್ಥ. ಇದರ ಮೇಲೆ ಹಳೇ ಜಗಳ ಇದೆ. ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಇದನ್ನು ಮನಸ್ಸಿನ ಗಟ್ಟಿತನ ಎಂದು ತೆಗೆದುಕೊಂಡ. ಕನ್ನಡದ ನಮ್ಮ ಸತ್ಯವೇದವೂ ಹೆಚ್ಚುಕಡಿಮೆ ಆ ಕಡೆಗೇ ವಾಲುತ್ತದೆ. ಪೋಪ್ 16ನೇ ಬೆನೆಡಿಕ್ಟ್ 2007ರಲ್ಲಿ ನಿರೀಕ್ಷೆಯ ಬಗ್ಗೆಯೇ ಬರೆದ ಪತ್ರದಲ್ಲಿ ಅದನ್ನು ಒಪ್ಪಲಿಲ್ಲ. ಅದು ಮನಸ್ಸಿನ ಸ್ಥಿತಿಯಷ್ಟೇ ಅಲ್ಲ, ಬರಬೇಕಾದದ್ದರ ಒಂದು ತುಣುಕು ಈಗಲೇ ನಮ್ಮೊಳಗೆ ಬಂದಿದೆ ಎಂಬುದು ಅವರ ವಾದ.

ನನಗೆ ಹಿಡಿಸಿದ್ದು ಮೂರನೆಯ ಅರ್ಥ. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಹಳೆಯ ಪಪೈರಸ್ ಕಾಗದಗಳಲ್ಲಿ ಇದೇ ಮಾತು ಆಸ್ತಿಯ ದಾಖಲೆಗಳ ಸಂಬಂಧದಲ್ಲಿ ಬರುತ್ತದೆ. ಹಾಗಾಗಿ ಕೆಲವು ವಿದ್ವಾಂಸರು ಅಂದರು: ನಂಬಿಕೆ ಅಂದರೆ ನಿರೀಕ್ಷಿಸಿದ ವಸ್ತುವಿನ ಹಕ್ಕುಪತ್ರ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಆದರೆ ಮುಂಬಯಿಯಲ್ಲಿ ಬದುಕಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ, ಅಲ್ವಾ? ಇಲ್ಲಿ ಎಷ್ಟು ಜನರ ಮನೆ ಕಾಗದದಲ್ಲೇ ಇದೆ! ಮನೆ ಇನ್ನೂ ಇಲ್ಲ. ಕಾಗದ ಇದೆ. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಕ್ಕಿ ಡಬ್ಬದ ಹಿಂದೆ ಇಟ್ಟು, ಮಳೆಗಾಲದಲ್ಲಿ ಒಮ್ಮೆ ತೆಗೆದು ನೋಡುತ್ತಾರೆ.

ಹಳೇ ಒಡಂಬಡಿಕೆಯಲ್ಲಿ ಇಂಥದ್ದೇ ಒಂದು ಕಾಗದದ ಕತೆ ಇದೆ. ಪ್ರವಾದಿ ಯೆರೆಮೀಯನ ಗ್ರಂಥದ 32ನೇ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುತ್ತಿಕೊಂಡಿದೆ. ಊರು ಬೀಳುತ್ತದೆ ಎಂದು ಸಾರಿದ ತಪ್ಪಿಗೆ ಯೆರೆಮೀಯ ಸೆರೆಯಲ್ಲಿದ್ದಾನೆ. ಆಗ ಚಿಕ್ಕಪ್ಪನ ಮಗ ಬಂದು, ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ಮಾರುವವನಿಗೆ ಒಳ್ಳೆಯ ಹೊತ್ತು, ಕೊಳ್ಳುವವನು ಹುಚ್ಚ. ನಾಳೆ ಇರುತ್ತದೋ ಇಲ್ಲವೋ ಎಂಬ ನೆಲ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಸಾಕ್ಷಿಗಳ ಸಹಿ ಹಾಕಿಸುತ್ತಾನೆ. ಎರಡು ಪ್ರತಿ, ಒಂದಕ್ಕೆ ಮುದ್ರೆ, ಇನ್ನೊಂದು ತೆರೆದದ್ದು. ಬಹುಕಾಲ ಕೆಡದೆ ಇರಲಿ ಎಂದು ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವುದು ನಡೆಯುತ್ತದೆ ಎಂದು ದೇವರು ಹೇಳಿದ್ದ, ಅಷ್ಟೇ ಆಧಾರ.

ಪ್ರಸಂಗದವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಕ್ಕೆ ಓದಬೇಕು. ಕಾಗದ ಆದ ಮೇಲೆ ಯೆರೆಮೀಯ ಪ್ರಾರ್ಥನೆ ಮಾಡುತ್ತಾನೆ. ಆ ಪ್ರಾರ್ಥನೆಯ ಕೊನೆಗೆ ಬರುವುದು ಹೆಚ್ಚುಕಡಿಮೆ ದೂರು. ಊರು ಶತ್ರುವಿನ ಕೈಗೆ ಹೋಗುತ್ತಿದೆ, ನೀನು ನೋಡಿದರೆ ಹೊಲ ಕೊಂಡುಕೋ ಅನ್ನುತ್ತೀಯಲ್ಲ ಎಂದು. ಅಂದರೆ ಅವನಿಗೆ ಮನಸ್ಸಿನಲ್ಲಿ ಯಾವ ಗಟ್ಟಿತನವೂ ಇರಲಿಲ್ಲ. ಮೊದಲು ಕೊಂಡ, ಆಮೇಲೆ ಗಾಬರಿಯಾದ. ನನಗೆ ಈ ಮನುಷ್ಯ ಹತ್ತಿರದವನು ಅನಿಸುವುದು ಇದಕ್ಕೇ.

ಪದಗಳ ಬಗ್ಗೆ ಒಂದು ಮಾತು. ನಮ್ಮ ಚಾಳದ ಪಕ್ಕದ ಖೋಲಿಯಲ್ಲಿ ಮರಾಠಿ ಕ್ರೈಸ್ತರಿದ್ದರು. ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಉಳಿಯುವಂಥವು ಎಂದ ಆ ಮೂರು ಅವರ ಬೈಬಲಿನಲ್ಲಿ ವಿಶ್ವಾಸ, ಆಶಾ, ಪ್ರೀತಿ. ನಮ್ಮಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ. ಕನ್ನಡದ ಕಿವಿಗೆ ಆಶಾ ಎಂದರೆ ಆಸೆ ಎಂದೇ ಕೇಳುತ್ತದೆ. ಆಸೆ ಅಂದರೆ ನಮ್ಮಲ್ಲಿ ಸ್ವಲ್ಪ ನಾಚಿಕೆ ಸೇರಿಕೊಂಡ ಮಾತು, ದುರಾಸೆಗೆ ನೆಂಟ. ನಿರೀಕ್ಷೆಯಲ್ಲಿ ಅದಿಲ್ಲ. ಅದರೊಳಗೆ ಇರುವುದು ಈಕ್ಷಿಸುವುದು, ನೋಡುವುದು. ಬಾಗಿಲಲ್ಲಿ ನಿಂತು ದಾರಿ ನೋಡುವುದು. ನಂಬು ಎನ್ನುವುದಾದರೆ ಅಚ್ಚ ನಮ್ಮ ನೆಲದ ಮಾತು. ನಂಬುವುದು ಸಾಮಾನ್ಯವಾಗಿ ಒಬ್ಬ ವ್ಯಕ್ತಿಯನ್ನು. ಅವನನ್ನ ನಂಬಿ ಬಂದೆ, ಅವಳನ್ನ ನಂಬಿ ಸಾಲ ಕೊಟ್ಟೆ. ನಂಬುವುದು ಯಾರನ್ನೋ, ನಿರೀಕ್ಷಿಸುವುದು ಏನನ್ನೋ. ಈ ವ್ಯತ್ಯಾಸ ನನಗೆ ತಿಳಿದದ್ದು ಪುಸ್ತಕದಿಂದ ಅಲ್ಲ, ಕಾಕಾ ಒಮ್ಮೆ ಸಿಟ್ಟಾದಾಗ.

ಒಬ್ಬ ಪ್ರಸಂಗಿಗಳು ಇದ್ದರು. ಹೆಸರು ಬೇಡ. ಖೋಲಿಯಲ್ಲಿ ಪ್ರಾರ್ಥನಾ ಕೂಟ ಇಟ್ಟಾಗ ಬಂದು, ಕಾಕುವಿನ ತಲೆಯ ಮೇಲೆ ಕೈಯಿಟ್ಟು, ಡಿಸೆಂಬರ್ ಒಳಗೆ ಹೊಸ ಮನೆಯ ಕೀಲಿ ಈ ಕೈಯಲ್ಲಿ ಇರುತ್ತದೆ ಎಂದುಬಿಟ್ಟರು. ಕಾಕು ಅಳುತ್ತ ಆಮೆನ್ ಅಂದರು. ಡಿಸೆಂಬರ್ ಬಂತು, ಕ್ರಿಸ್ಮಸ್ ಆಯಿತು, ಕೀಲಿ ಬರಲಿಲ್ಲ. ಮುಂದಿನ ಕೂಟಕ್ಕೆ ಬಂದ ಅದೇ ಪ್ರಸಂಗಿಗಳು ಚಹಾ ಕುಡಿಯುತ್ತ, ನಂಬಿಕೆಯಲ್ಲಿ ಎಲ್ಲೋ ಕೊರತೆ ಇರಬೇಕು ತಾಯಿ ಎಂದರು. ಕಾಕು ತಲೆ ತಗ್ಗಿಸಿದರು. ಆ ತಗ್ಗಿಸಿದ ತಲೆ ನನಗೆ ಇನ್ನೂ ಕಾಣಿಸುತ್ತದೆ. ಬಡವರಿಗೆ ಮನೆ ಸಿಗದಿದ್ದರೆ ಅದಕ್ಕೂ ಅವರದೇ ನಂಬಿಕೆ ಸಾಲದು ಎಂಬ ಈ ಬೋಧನೆಯಷ್ಟು ಕ್ರೂರವಾದದ್ದನ್ನು ನಾನು ಚರ್ಚುಗಳಲ್ಲಿ ಬೇರೆ ಕಂಡಿಲ್ಲ.

ಕಾಕಾ ಯಾವತ್ತೂ ದನಿ ಏರಿಸಿದವರಲ್ಲ. ಅವತ್ತು ಬಸಿ ಕೆಳಗಿಟ್ಟರು. "ಮನಿ ಕೊಡ್ತೀನಿ ಅಂತ ದೇವರು ಎಲ್ಲಿ ಹೇಳ್ಯಾನ್ರಿ? ಹೇಳಿದವ್ರು ನೀವು. ನೀವು ಹೇಳಿದ್ದು ಆಗಲಿಲ್ಲಂದ್ರ ಆಕಿ ನಂಬಿಕಿ ಹ್ಯಾಂಗ ಕಮ್ಮಿ ಆಗ್ತದ?"

ಇದನ್ನೇ ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ 16ನೇ ಶತಮಾನದಲ್ಲಿ ಬರೆದಿದ್ದಾನೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ದೇವರು ಕೊಟ್ಟ ಮಾತು ನಿಜ ಎಂದು ನಂಬಿಕೆ ನಂಬುತ್ತದೆ, ಆ ಮಾತು ನಡೆಯುವ ಹೊತ್ತಿಗಾಗಿ ನಿರೀಕ್ಷೆ ಕಾಯುತ್ತದೆ. ದೇವರು ಕೊಡದ ಮಾತಿಗೆ ಕಾಯುವುದು ಆಸೆ. ಆಸೆ ತಪ್ಪಲ್ಲ. ಆದರೆ ಆಸೆಗೆ ದೇವರ ಸಹಿ ಹಾಕಿಸಬಾರದು. ಕ್ಯಾಲ್ವಿನ್ ಇನ್ನೊಂದನ್ನೂ ಹೇಳುತ್ತಾನೆ. ಜೀವಂತ ನಂಬಿಕೆ ಇದ್ದಲ್ಲಿ ನಿರೀಕ್ಷೆ ಜೊತೆಗಿರಲೇಬೇಕು, ಅದಿಲ್ಲದಿದ್ದರೆ ನಂಬಿಕೆಯೂ ಇಲ್ಲ. ಹಾಗಾದರೆ ನಮ್ಮ ಕಾಕಾ? ಮನೆ ಸಿಗೂದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿದ್ದ ಮನುಷ್ಯ?

ಕಾಕುವಿನ ಒಂಬತ್ತು ಬುಧವಾರ ಮುಗಿದ ದಿನ ಅವರು ಎರಡು ಮೇಣದ ಮನೆ ಕೊಂಡಿದ್ದರು. ಒಂದನ್ನು ಚರ್ಚಿನಲ್ಲಿ ಕೊಟ್ಟರು. ಇನ್ನೊಂದನ್ನು ಖೋಲಿಗೆ ತಂದು ಟಿವಿಯ ಮೇಲೆ ಇಟ್ಟರು. ಅದರ ಮೇಲೆ ನಮ್ಮ ಬಾಸೆಲ್ ಮಿಶನ್ ಮನೆಯಲ್ಲಿ ಒಂದು ವಾರ ಮಾತಿಲ್ಲ ಕತೆಯಿಲ್ಲ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಮಾಸಲು ಬಿಳಿ. ಇಳಿಜಾರು ಮಾಡು, ನಡುವೆ ಬಾಗಿಲಿನ ಗುರುತು, ಎರಡು ಕಿಟಕಿ. ಬಾಗಿಲು ತೆರೆಯುವುದಿಲ್ಲ ಬಿಡಿ, ಅಚ್ಚಿನಲ್ಲಿ ಒತ್ತಿದ್ದು.

ಆಗಿನ ಟಿವಿ ಡಬ್ಬದಂಥದ್ದು. ಒಂದು ತಾಸು ನಡೆದರೆ ಮೇಲೆ ಬೆಕ್ಕು ಮಲಗುವಷ್ಟು ಬಿಸಿ. ಮೇ ತಿಂಗಳಲ್ಲಿ ಮೇಣ ಮೆತ್ತಗಾಗಿ ಮಾಡು ಕುಸಿಯತೊಡಗಿತು. ಒಂದು ಸಂಜೆ ಡೊಂಬಿವಲಿಯಿಂದ ಅವರ ಮನೆಗೆ ಹೋದಾಗ ಬಾಗಿಲು ಅರ್ಧ ತೆರೆದಿತ್ತು. ಕಾಕು ನೀರಿಗೆ ಹೋಗಿದ್ದರು. ಟಿವಿಯಲ್ಲಿ ವಾರ್ತೆ. ಕಾಕಾ ಎದ್ದು ನಿಂತು, ಆ ಮೇಣದ ಮನೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಕುಸಿದ ಮಾಡನ್ನು ಒಳಗಿನಿಂದ ಮೆಲ್ಲಗೆ ಮೇಲಕ್ಕೆ ಒತ್ತುತ್ತಿದ್ದರು. ಮಗ್ಗದಲ್ಲಿ ಹರಿದ ಎಳೆ ಗಂಟು ಹಾಕುವವರ ಬೆರಳು ಅದು, ನಡುಗಲಿಲ್ಲ. ನನ್ನನ್ನು ನೋಡಿ, "ಮೇಣ ಸೋರಿದ್ರ ಟಿವಿ ಹಾಳಾಗ್ತದ" ಎಂದರು. ನಾನು ಹೂಂ ಅಂದೆ. ಮನೆಯನ್ನು ಕೆಳಗೆ ಎತ್ತಿಟ್ಟಿದ್ದರೂ ಆಗುತ್ತಿತ್ತು. ಇಡಲಿಲ್ಲ. ಮತ್ತೆ ಟಿವಿಯ ಮೇಲೆಯೇ ಇಟ್ಟರು, ಸ್ವಲ್ಪ ಅಂಚಿಗೆ.

ಇಬ್ರಿಯರ ಅದೇ ಅಧ್ಯಾಯ ಅಬ್ರಹಾಮ, ಸಾರಳು ಎಂದು ಒಬ್ಬೊಬ್ಬರ ಹೆಸರು ಹೇಳಿಕೊಂಡು ಹೋಗಿ, ನಡುವೆ ಒಂದು ವಿಚಿತ್ರ ಮಾತು ಹೇಳುತ್ತದೆ. ಇವರೆಲ್ಲ ವಾಗ್ದಾನವಾದದ್ದನ್ನು ಕೈಗೆ ಪಡೆಯದೆಯೇ ಸತ್ತರು, ದೂರದಿಂದ ನೋಡಿ ಅದಕ್ಕೆ ವಂದನೆ ಮಾಡಿದರು ಎಂದು. ನಂಬಿಕೆಯ ದೊಡ್ಡ ದೊಡ್ಡವರ ಪಟ್ಟಿ ಇದು. ಅದರಲ್ಲಿ ಇರುವವರು ಮನೆ ಸಿಗದವರು, ಡೇರೆಯಲ್ಲೇ ಬದುಕಿದವರು. ಕಾಕಾ ಸಂಜೆ ಚಾಳದ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು, ಮಿಲ್ಲಿನ ಜಾಗದಲ್ಲಿ ಎದ್ದ ಟವರಿನ ದೀಪ ಒಂದೊಂದೇ ಹತ್ತುವುದನ್ನು ನೋಡುತ್ತ ಕೂತಿರುತ್ತಿದ್ದರು. ಹೊಟ್ಟೆಕಿಚ್ಚು ಇರಲಿಲ್ಲ. "ಹನ್ನೆರಡನೇ ಮಾಳಿಗಿಯವ್ರು ಇವತ್ತ ಊರಿಗೆ ಹೋದಂಗ ಕಾಣ್ತದ" ಎನ್ನುವರು. ನೋಡುವುದನ್ನು ಮಾತ್ರ ಬಿಡಲಿಲ್ಲ.

ಹೋದ ವರ್ಷ ಜುಲೈನಲ್ಲಿ ಕಾಕಾ ತೀರಿಕೊಂಡರು. ಶಿವಡಿಯ ಕ್ರೈಸ್ತ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಕುಳಿಯೊಳಗೆ ಮಳೆ ನೀರು ನಿಂತಿತ್ತು, ಬಕೆಟ್ಟಿನಲ್ಲಿ ಎತ್ತಿ ಹೊರಗೆ ಹಾಕಬೇಕಾಯಿತು. ನಮ್ಮ ಸಭೆಯ ಅಯ್ಯನವರು (ಪಾದ್ರಿ), ಪೌಲ ಥೆಸಲೋನಿಕದವರಿಗೆ ಬರೆದ ಪತ್ರ ಓದಿದರು. ನಿರೀಕ್ಷೆಯಿಲ್ಲದವರ ಹಾಗೆ ದುಃಖಪಡಬೇಡಿ ಎಂಬ ವಾಕ್ಯ. ಯಾರೋ ಒಬ್ಬರು ಕಾಕುವಿನ ಹತ್ತಿರ ಬಂದು, ಕೇಳಿದಿರಲ್ಲ, ಅಳಬಾರದು ಎಂದರು. ಪೌಲ ಹಾಗೆ ಹೇಳಿಲ್ಲ. ಅವರ ಹಾಗೆ ಅಳಬೇಡಿ ಅಂದಿದ್ದಾನೆ, ಅಳಲೇಬೇಡಿ ಅಂದಿಲ್ಲ. ಕಾಕು ಜೋರಾಗಿಯೇ ಅತ್ತರು.

ಮುಂಬಯಿಯಲ್ಲಿ ಸತ್ತವರಿಗೂ ಜಾಗದ ತಾಪತ್ರಯ. ಸ್ವಂತ ಸಮಾಧಿ ಇಲ್ಲದವರ ಕುಳಿಯನ್ನು ಕೆಲವು ಕಾಲದ ನಂತರ ಮತ್ತೆ ತೆಗೆದು ಬೇರೆಯವರಿಗೆ ಕೊಡುತ್ತಾರೆ. ಮೂಳೆಗಳನ್ನು ಗೋಡೆಯ ಗೂಡಿನಲ್ಲಿ ಇಡಿಸಿಕೊಳ್ಳಬಹುದು. ಇದನ್ನು ಕಾಕುಗೆ ಹೇಳುವುದು ಹೇಗೆ ಎಂದು ಟ್ಯಾಕ್ಸಿಯಲ್ಲಿ ಒದ್ದಾಡುತ್ತ ಹೇಳಿದೆ. ಅವರು ಕಣ್ಣು ಒರೆಸಿಕೊಂಡು, "ಅಲ್ಲೂ ಬಾಡಿಗಿ ಮನೀನ ಅಂದಂಗಾತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮ ಕಾಕಾಗ ಅಲ್ಲಿ ಜಾಸ್ತಿ ದಿನ ಇರೂ ವಿಚಾರ ಇರಲಿಲ್ಲ ತಗೋ. ಎದ್ದು ಬರೂ ಮಂದಿ ಅವ್ರು" ಎಂದರು. ಪ್ರಸಂಗದಲ್ಲಿ ತೂಕಡಿಸುತ್ತಿದ್ದ ನಮ್ಮ ಕಾಕು! ಪುನರುತ್ಥಾನದ ವಿಷಯ ಇಷ್ಟು ಸಲೀಸಾಗಿ ಮಾತಾಡಿದ್ದನ್ನು ನಾನು ಯಾವ ಅಯ್ಯನವರ ಬಾಯಲ್ಲೂ ಕೇಳಿಲ್ಲ. ಅವರಿಬ್ಬರ ಕೆಲಸ ಹಂಚಿಕೆಯ ಲೆಕ್ಕ ನನ್ನದು ಪೂರ್ತಿ ತಪ್ಪಾಗಿತ್ತು.

ಈಗ ಟಿವಿ ಗೋಡೆಗೆ ನೇತು ಹಾಕುವಂಥದ್ದು ಬಂದಿದೆ. ಮೇಣದ ಮನೆ ಕಾಕಾನ ಸತ್ಯವೇದದ ಪಕ್ಕದಲ್ಲಿದೆ. ಮಾಡು ಇನ್ನೂ ಸ್ವಲ್ಪ ಸೊಟ್ಟ. ತಿರುಗಿಸಿ ನೋಡಿದರೆ ಒಳಗೆ ಹೆಬ್ಬೆರಳಿನ ಗೆರೆಗಳು ಕಾಣುತ್ತವೆ.

ಮನೆಗೆ ಅರ್ಜಿ ಹಾಕಿದ ಕಾರ್ಮಿಕರು ತೀರಿಕೊಂಡಿದ್ದರೆ ಅವರ ವಾರಸುದಾರರು ಕಾಗದ ಕೊಡಬಹುದು. ಹೋದ ಬುಧವಾರ ರಜೆ ಹಾಕಿ ಕಾಕುವಿನ ಜೊತೆ ಹೋದೆ. ಮೊದಲು ಮಾಹಿಮ್, ಆಮೇಲೆ ಕಾಗದದ ಕೆಲಸ. ಈಗ ದಾದರ್‌ನ ನೆಪ ಬೇಕಿಲ್ಲ, ಆದರೂ ಕಾಕು ಚೀಲ ಹಿಡಿದೇ ಬಂದಿದ್ದರು. ಝೆರಾಕ್ಸ್ ಅಂಗಡಿಯಲ್ಲಿ ಹಾಜರಿ ಕಾರ್ಡು, ಟಿಕೆಟ್ ನಂಬರಿನ ಚೀಟಿ, ಮರಣ ಪತ್ರ ಎಲ್ಲ ಸಾಲಾಗಿ ಇಟ್ಟೆ. ಮೂರು ಪ್ರತಿ ಕೊಡಬೇಕು ಎಂದು ಬರೆದುಕೊಂಡು ಬಂದಿದ್ದೆ. ಅಂಗಡಿಯವನಿಗೆ ಮೂರು ಎಂದೆ.

"ನಾಕು ತಗಸೋ ತಮ್ಮಾ" ಎಂದರು ಕಾಕು. "ಒಂದು ಜಾಸ್ತಿ ಇರ್ಲಿ."